ಕಲ್ಲಿದ್ದಲು ಗಣಿ ಪರ್ಮಿಟ್: ಆಕ್ಷೇಪಣೆ ಈಗಲೇ ಹಾಕುವುದೋ, ಆಮೇಲೆ ಅಪೀಲು ಹೋಗುವುದೋ?

ಅಮೆರಿಕದಲ್ಲಿ ನಿಮ್ಮ ಮನೆ ಪಕ್ಕ ತೆರೆದ ಕಲ್ಲಿದ್ದಲು ಗಣಿ ಬರುತ್ತಿದ್ದರೆ, ಅಲ್ಲಿನ 1977ರ ತೆರೆದ ಗಣಿ ನಿಯಂತ್ರಣ ಕಾನೂನು (SMCRA) ಎರಡು ದಾರಿ ಕೊಡುತ್ತದೆ.

ಮೊದಲನೆಯದು ಪರ್ಮಿಟ್ ಸಿಗುವ ಮುಂಚಿನದು. ಕಂಪನಿ ಸ್ಥಳೀಯ ಪತ್ರಿಕೆಯಲ್ಲಿ ವಾರಕ್ಕೊಮ್ಮೆ, ಸತತ 4 ವಾರ ಜಾಹೀರಾತು ಕೊಡಬೇಕು. ಕೊನೆಯ ಜಾಹೀರಾತಿನಿಂದ 30 ದಿನದೊಳಗೆ ಪರ್ಮಿಟ್ ಕೊಡುವ ಇಲಾಖೆಗೆ ಆಕ್ಷೇಪಣೆ ಬರೆದು ಕೊಡಬಹುದು. ಅದರಲ್ಲೇ ಇಲಾಖೆ ನಡೆಸುವ ಅನೌಪಚಾರಿಕ ಸಭೆಯನ್ನೂ ಕೇಳಿ. ಸಭೆ ಗಣಿಯ ಊರಿನ ಆಸುಪಾಸಿನಲ್ಲೇ ನಡೆಯುತ್ತದೆ. ಅದಾದ ಮೇಲೆ 60 ದಿನದಲ್ಲಿ ಇಲಾಖೆ ತೀರ್ಮಾನ ಹೇಳಬೇಕು. ಸಭೆ ನಡೆಯದಿದ್ದರೆ ಕಾನೂನು ಇಷ್ಟೇ ದಿನ ಅನ್ನುವುದಿಲ್ಲ, 'ಸಮಂಜಸ ಸಮಯ' ಅನ್ನುತ್ತದೆ. ಹಾಗಾಗಿ ಸಭೆ ಕೇಳುವುದೇ ಲಾಭ.

ಎರಡನೆಯದು ತೀರ್ಮಾನದ ನಂತರದ್ದು. ನೋಟಿಸ್ ಬಂದ 30 ದಿನದೊಳಗೆ ವಿಚಾರಣೆ ಕೇಳಬೇಕು, ಕೇಳಿದ 30 ದಿನದೊಳಗೆ ಅದು ನಡೆಯಬೇಕು. ಇಲ್ಲಿ ಪ್ರಮಾಣ ಮಾಡಿಸಿ ಸಾಕ್ಷ್ಯ ಪಡೆಯುತ್ತಾರೆ. ಮೊದಲ ಸಭೆ ನಡೆಸಿದ ಅಧಿಕಾರಿ ಇದನ್ನು ನಡೆಸುವಂತಿಲ್ಲ. ಇದು ಒಳ್ಳೆಯ ನಿಯಮ. ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ಗಣಿ ಕೆಲಸ ನಿಲ್ಲುವುದಿಲ್ಲ. ತಾತ್ಕಾಲಿಕ ತಡೆ ಬೇಕಾದರೆ ಬೇರೆಯಾಗಿ ಕೇಳಬೇಕು.

ಬಾವಿ ನೀರು, ರಸ್ತೆ, ಸ್ಫೋಟದ ಸದ್ದು ನಿಮ್ಮ ಚಿಂತೆಯಾದರೆ ಮೊದಲ ದಾರಿಯನ್ನೇ ಹಿಡಿಯಿರಿ. ಪ್ಲಾನ್ ಇನ್ನೂ ಕಾಗದದ ಮೇಲಿರುವಾಗ ಬದಲಿಸುವುದು ಸುಲಭ, ಅಲ್ವಾ? ಇಲಾಖೆ ಕಾನೂನನ್ನೇ ತಪ್ಪಾಗಿ ಅನ್ವಯಿಸಿದೆ ಅನಿಸಿದರೆ ಎರಡನೆಯದು ಬೇಕೇ ಬೇಕು. ರಾಜ್ಯಗಳಿಗೆ ತಮ್ಮದೇ ನಿಯಮಗಳಿರುತ್ತವೆ, ನಿಮ್ಮ ರಾಜ್ಯದ ಗಡುವನ್ನು ಮೊದಲೇ ನೋಡಿಕೊಳ್ಳಿ.