ಅಡಿನಾಯ್ಡ್ ಕರಗಿಸಿಕೊಡ್ತೀವಿ ಅನ್ನೋರ ಹತ್ತಿರ ಹೋಗುವ ಮುಂಚೆ ಇದನ್ನು ಓದಿ

ಮಗು ಬಾಯಿ ಬಿಟ್ಟುಕೊಂಡೇ ಮಲಗುತ್ತದೆ, ಗೊರಕೆ ಹೊಡೆಯುತ್ತದೆ, ಮೂಗು ಯಾವಾಗಲೂ ಕಟ್ಟಿರುತ್ತದೆ ಅಂತ ಒದ್ದಾಡುತ್ತಿರುವ ಅಪ್ಪ ಅಮ್ಮಂದಿರು ದಯವಿಟ್ಟು ಪೂರ್ತಿ ಓದಿ. "ಆಪರೇಷನ್ ಬೇಡವೇ ಬೇಡ, ನಮ್ಮ ಡ್ರಾಪ್ಸ್ ಹಾಕಿ, ಅಡಿನಾಯ್ಡ್ ಕರಗಿಹೋಗುತ್ತೆ, ಗ್ಯಾರಂಟಿ" ಅಂತ ಹೇಳುವ ಒಂದು ಕಡೆ ನಮ್ಮ ಮಗನಿಗೆ ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ಅಷ್ಟೂ ದಿನ ಅಲ್ಲಿ ಒಬ್ಬರೂ ಅವನ ಕಿವಿ ನೋಡಲಿಲ್ಲ. ಹೋದ ದುಡ್ಡು ಹೋಯ್ತು, ಆದರೆ ಕಿವಿ ವಿಷಯ ನೆನೆಸಿಕೊಂಡರೆ ಇವತ್ತಿಗೂ ಸಿಟ್ಟು ಬರುತ್ತದೆ.

ಅಡಿನಾಯ್ಡ್ ಅನ್ನುವುದು ಒಂದು ಮೆತ್ತನೆಯ ಗಡ್ಡೆ, ಎಲ್ಲ ಮಕ್ಕಳಿಗೂ ಇರುತ್ತದೆ. ಮೂಗಿನ ಹಿಂದೆ, ಅಂಗುಳಿನ ಮೇಲ್ಗಡೆ ಇರುವುದರಿಂದ ಟಾರ್ಚ್ ಹಾಕಿ ಬಾಯಿ ತೆಗೆಸಿದರೂ ಕಾಣಲ್ಲ, ಕಾಣುವುದು ಟಾನ್ಸಿಲ್ ಮಾತ್ರ. ಎರಡು ವರ್ಷದಿಂದ ಆರೇಳು ವರ್ಷದವರೆಗೆ ದೊಡ್ಡದಾಗುತ್ತಾ ಹೋಗಿ, ಆಮೇಲೆ ತಾನಾಗಿಯೇ ಸಣ್ಣದಾಗುತ್ತದೆ. ಹದಿಹರೆಯಕ್ಕೆ ಬರುವ ಹೊತ್ತಿಗೆ ಬಹಳಷ್ಟು ಮಕ್ಕಳಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟಾಗಿರುತ್ತದೆ. ಇವರ ವ್ಯಾಪಾರ ನಡೆಯುವುದೇ ಇದರ ಮೇಲೆ! ಆರು ವರ್ಷದ ಮಗುವಿಗೆ ಎರಡು ವರ್ಷ ಏನು ಕೊಟ್ಟರೂ ಗಡ್ಡೆ ಸಣ್ಣದಾಗಬಹುದು, ಹೆಸರು ಮಾತ್ರ ಡ್ರಾಪ್ಸ್‌ಗೆ. ಆದರೆ ಆ ಎರಡು ವರ್ಷ ಮಗು ಹೇಗೆ ಉಸಿರಾಡಿತು, ಹೇಗೆ ಕೇಳಿಸಿಕೊಂಡಿತು ಅಂತ ಯಾರು ಲೆಕ್ಕ ಇಡುತ್ತಾರೆ?

ನಮಗೆ ಕೊಟ್ಟ ಬಾಟಲಿಯ ಮೇಲೆ ಲೇಬಲ್ಲೇ ಇರಲಿಲ್ಲ. ಹಾಕಿದ ಐದೇ ನಿಮಿಷಕ್ಕೆ ಮೂಗು ಸಲೀಸಾಗಿ ಬಿಟ್ಟುಕೊಳ್ಳುತ್ತಿತ್ತು, ರಾತ್ರಿ ಮೊದಲಿಗಿಂತ ಜಾಸ್ತಿ ಕಟ್ಟುತ್ತಿತ್ತು. ಕೇಳಿದರೆ "ಒಳಗಿರೋದೆಲ್ಲಾ ಹೊರಗೆ ಬರ್ತಿದೆ, ಇನ್ನೂ ಎರಡು ಹನಿ ಜಾಸ್ತಿ ಹಾಕಿ" ಅಂದರು. ಆಮೇಲೆ ನೋಡಿದ ಇಎನ್‌ಟಿ ಡಾಕ್ಟರ್ ಹೇಳಿದ್ದು ಬೇರೆ. ಹಾಕಿದ ತಕ್ಷಣ ಮೂಗು ಬಿಡಿಸುವ ಡ್ರಾಪ್ಸ್ ಮೂಗಿನೊಳಗಿನ ರಕ್ತನಾಳಗಳನ್ನು ಕುಗ್ಗಿಸುತ್ತವೆ, ಅಷ್ಟೇ. ಅಡಿನಾಯ್ಡ್ ಹಾಗೇ ಇರುತ್ತದೆ. ಅಂಥವನ್ನು ಕೆಲವು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಉಲ್ಟಾ ಕಟ್ಟಲು ಶುರುವಾಗುತ್ತದೆ, ಸಣ್ಣ ಮಕ್ಕಳಿಗಂತೂ ಡಾಕ್ಟರ್ ಹೇಳದೆ ಹಾಕಲೇಬಾರದು.

ಇನ್ನೊಂದು ಆಟ ಎಕ್ಸ್‌ರೇಯದು. ಮೊದಲು ಒಂದು, ಸ್ವಲ್ಪ ದಿನ ಬಿಟ್ಟು ಇನ್ನೊಂದು ತೆಗೆಸಿ, ಎರಡನ್ನೂ ಬೆಳಕಿಗೆ ಹಿಡಿದು "ನೋಡಿ, ಉಸಿರಿನ ದಾರಿ ಎಷ್ಟು ತೆರೆದಿದೆ" ಅಂತ ತೋರಿಸಿದರು. ಮೊದಲನೆಯದನ್ನು ತೆಗೆಯುವಾಗ ನನ್ನ ಮಗ ಜೋರಾಗಿ ಅಳುತ್ತಿದ್ದ. ಅಳುವಾಗ, ನುಂಗುವಾಗ ಅಂಗುಳು ಮೇಲೆ ಹೋಗುತ್ತದೆ, ಆಗ ದಾರಿ ಇರುವುದಕ್ಕಿಂತ ಕಿರಿದಾಗಿ ಕಾಣುತ್ತದೆ. ಕತ್ತು ಸ್ವಲ್ಪ ತಿರುಗಿದ್ದರೂ ಚಿತ್ರ ಬದಲಾಗುತ್ತದೆ. ಬಾಯಿ ಮುಚ್ಚಿ, ಮೂಗಿನಿಂದ ಉಸಿರೆಳೆದುಕೊಳ್ಳುವಾಗ ತೆಗೆದಿದ್ದರೆ ಮಾತ್ರ ಅದನ್ನು ನಂಬಬಹುದು. ಮೂಗಿನೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡುವ ಎಂಡೋಸ್ಕೋಪಿಯಲ್ಲಿ ಇನ್ನೂ ಸರಿಯಾಗಿ ಗೊತ್ತಾಗುತ್ತದೆ.

ಈಗ ಕಿವಿಯ ವಿಷಯ. ಮೂಗಿನ ಹಿಂಭಾಗದಿಂದ ಕಿವಿಗೆ ಒಂದು ಸಣ್ಣ ನಾಳ ಹೋಗುತ್ತದೆ, ಅದರ ಬಾಯಿ ಇರುವುದು ಅಡಿನಾಯ್ಡ್ ಪಕ್ಕದಲ್ಲೇ. ಅಲ್ಲಿ ಒತ್ತಡ, ಸೋಂಕು ಇದ್ದರೆ ಕಿವಿಯ ತಮಟೆಯ ಹಿಂದೆ ನೀರು ನಿಲ್ಲುತ್ತದೆ. ಬಹಳ ಸಲ ನೋವೇ ಇರಲ್ಲ, ಹಾಗಾಗಿ ಮಗು ಹೇಳುವುದೂ ಇಲ್ಲ. ಕೇಳಿಸುವುದು ಮಾತ್ರ ಮಂದವಾಗುತ್ತದೆ. ಇದೇನು ಹೊಸ ಸಂಗತಿಯಲ್ಲ, ಕೋಪನ್‌ಹೇಗನ್‌ನ ವೈದ್ಯ ವಿಲ್ಹೆಲ್ಮ್ ಮೇಯರ್ 1868ರಲ್ಲೇ ಅಡಿನಾಯ್ಡ್‌ಗೂ ಕಿವಿ ಮಂದಕ್ಕೂ ಇರುವ ನಂಟನ್ನು ಬರೆದಿಟ್ಟಿದ್ದಾರೆ. ಆದರೂ ಟೀಚರ್ "ಕರೆದರೆ ತಿರುಗಿ ನೋಡಲ್ಲ, ಗಮನವೇ ಇಲ್ಲ" ಅಂದಿದ್ದನ್ನು ನಾವು ಹೇಳಿದಾಗ ಆ ಕ್ಲಿನಿಕ್‌ನವರು "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಅಂತ ಕೈತೊಳೆದುಕೊಂಡರು. ಕೊನೆಗೆ ಇಎನ್‌ಟಿಯಲ್ಲಿ ಟಿಂಪನೋಮೆಟ್ರಿ, ಅಂದರೆ ಕಿವಿಯ ತಮಟೆ ಎಷ್ಟು ಅಲ್ಲಾಡುತ್ತದೆ ಅಂತ ನೋಡುವ ಪರೀಕ್ಷೆ, ಮಾಡಿದರು. ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಗ್ರಾಫ್‌ನಲ್ಲಿ ಎರಡೂ ಕಿವಿಯ ಗೆರೆ ಗುಡ್ಡದ ಹಾಗೆ ಏಳಬೇಕಿತ್ತು, ಚಪ್ಪಟೆಯಾಗಿ ಮಲಗಿತ್ತು. ಎರಡೂ ಕಡೆ ನೀರು.

ರಾತ್ರಿ ಏನು ನೋಡಬೇಕು ಅಂತಲೂ ಹೇಳಿಬಿಡುತ್ತೇನೆ. ಗೊರಕೆಯ ಮಧ್ಯೆ ಸದ್ದು ಪೂರ್ತಿ ನಿಂತು, ಎದೆ ಒಳಕ್ಕೆ ಎಳೆದುಕೊಳ್ಳುತ್ತಾ ಒದ್ದಾಡಿ, ಆಮೇಲೆ ಮಗು ಗಕ್ಕನೆ ಉಸಿರು ಎಳೆದುಕೊಂಡರೆ ಮೊಬೈಲಲ್ಲಿ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ. ಕತ್ತು ಹಿಂದಕ್ಕೆ ಚಾಚಿ ಮಲಗುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಹಗಲು ಸುಮ್ನೆ ರೇಗಾಡುವುದು, ಇವೂ ಅದೇ ತೊಂದರೆಯ ಗುರುತಾಗಿರಬಹುದು. ನನ್ನ ಮಗ ಊಟ ಮಾಡುವಾಗ ಎರಡು ಸಲ ಅಗಿದು, ಬಾಯಿ ತೆರೆದು ಉಸಿರು ತೆಗೆದುಕೊಂಡು, ಮತ್ತೆ ಅಗಿಯುತ್ತಿದ್ದ. ನಿಧಾನಕ್ಕೆ ತಿನ್ನುತ್ತಾನೆ ಅಂತ ಎಲ್ಲರೂ ಬೈಯುತ್ತಿದ್ದರು, ಪಾಪ. ಉಸಿರು ನಿಲ್ಲುವ ಮಗುವಿಗೆ ನಿದ್ದೆ ಬರಿಸುವ ಸಿರಪ್ ಕೊಡಲೇಬೇಡಿ, ನಮಗೆ ಅದನ್ನೂ ಕೊಡಲು ಬಂದಿದ್ದರು.

ಎಲ್ಲರಿಗೂ ಆಪರೇಷನ್ ಬೇಕು ಅಂತ ನಾನು ಹೇಳುತ್ತಿಲ್ಲ. ತೊಂದರೆ ಕಡಿಮೆ ಇದ್ದರೆ ಡಾಕ್ಟರ್ ಮೂಗಿಗೆ ಸ್ಟಿರಾಯ್ಡ್ ಸ್ಪ್ರೇ ಕೊಟ್ಟು ಕೆಲವು ವಾರ ನೋಡುತ್ತಾರೆ, ಕಿವಿಯ ನೀರಿಗೂ ಸಾಮಾನ್ಯವಾಗಿ ಮೂರು ತಿಂಗಳು ಕಾಯುತ್ತಾರೆ. ಆದರೆ ಹಾಗೆ ಕಾಯುವಾಗ ಮಧ್ಯೆ ಮಧ್ಯೆ ಪರೀಕ್ಷೆ ಮಾಡುತ್ತಾರೆ, ವ್ಯತ್ಯಾಸ ಅದೇ. ಆಪರೇಷನ್ ಆದರೂ ಬಾಯಿಯ ಮೂಲಕವೇ ಮಾಡುತ್ತಾರೆ, ಹೊರಗೆ ಗಾಯ ಇರಲ್ಲ, ಕೆಲವು ದಿನ ಬಾಯಿ ವಾಸನೆ ಬರುತ್ತದೆ. ರಕ್ತ ಬಂದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಬೇಕು. ನಮ್ಮವನಿಗೆ ಅಡಿನಾಯ್ಡ್ ತೆಗೆದು, ಕಿವಿಗೆ ಗ್ರೊಮೆಟ್ (ನೀರು ನಿಲ್ಲದ ಹಾಗೆ ತಮಟೆಯಲ್ಲಿ ಕೂರಿಸುವ ಪುಟ್ಟ ಕೊಳವೆ) ಹಾಕಿದರು. ಈಗ ಟಿವಿ ಸೌಂಡ್ ಜಾಸ್ತಿ ಆಯ್ತು ಅಂತ ಅವನೇ ಕಡಿಮೆ ಮಾಡುತ್ತಾನೆ.

ಈಗಾಗಲೇ ಇಂಥ ಕಡೆ ಕೋರ್ಸ್ ಶುರು ಮಾಡಿದ್ದರೆ, ದುಡ್ಡು ಕಟ್ಟಾಗಿದೆ ಅಂತ ಮುಗಿಸಲು ಹೋಗಬೇಡಿ. ಈ ವಾರವೇ ಕಿವಿ ಪರೀಕ್ಷೆ ಮಾಡಿಸಿ. ಕೊಟ್ಟಿರುವ ಬಾಟಲಿ, ಪುಡಿ ಏನಿದೆಯೋ ಎಸೆಯದೆ ಜೊತೆಗೇ ತೆಗೆದುಕೊಂಡು ಹೋಗಿ, ಮಗುವಿನ ಮೈಗೆ ಏನು ಹೋಗಿರಬಹುದು ಅಂತ ಡಾಕ್ಟರಿಗೆ ಗೊತ್ತಾಗಬೇಕು.