ಪೆನ್ನಿನ ಸುರುಳಿಚೀಲದ ಹೊಲಿಗೆ ಕಿಟ್: ಬಟ್ಟೆ ಚೆಂದ, ಖಾನೆ ಇಕ್ಕಟ್ಟು

ಇಂಕ್ ಪೆನ್ನುಗಳನ್ನೆಲ್ಲ ಒಂದೇ ಪೌಚಿಗೆ ತುರುಕಿದರೆ ಒಂದರ ಕ್ಲಿಪ್ಪು ಇನ್ನೊಂದರ ಮೈ ಗೀರುತ್ತದೆ. ಪ್ರತಿ ಪೆನ್ನಿಗೂ ಬೇರೆ ಖಾನೆ ಇದ್ದು, ಚಾಪೆ ಸುತ್ತಿದ ಹಾಗೆ ಸುತ್ತಿ ಕಟ್ಟುವ ಬಟ್ಟೆಯ ಚೀಲ ನನಗೆ ಬೇಕಿತ್ತು. ಸಿದ್ಧ ಚೀಲದ ಬದಲು ಹೊಲಿಗೆ ಕಿಟ್ ತರಿಸಿದೆ. ಕತ್ತರಿಸಿದ ಬಟ್ಟೆ, ಲಾಡಿ, ದಾರ, ಕೈಸೂಜಿ, ಕಾಗದದ ನಕ್ಷೆ ಎಲ್ಲ ಅದರಲ್ಲೇ ಇವೆ.

ಬಟ್ಟೆಗೆ ಪೂರ್ತಿ ಅಂಕ. ಹೊರಗಿನದು ಒಳ್ಳೆಯ ಗಟ್ಟಿ ಕ್ಯಾನ್ವಾಸ್, ಲೈನಿಂಗು ಕಡುನೀಲಿ ಕಾಟನ್. ತಿಳಿಬಣ್ಣದ ಲೈನಿಂಗ್ ಕೊಡುವವರು ಇಂಕ್ ಪೆನ್ನು ಬಳಸಿಯೇ ಇಲ್ಲ ಅಂತ ನನ್ನ ಗುಮಾನಿ, ಇವರು ಬಳಸಿದ್ದಾರೆ. ಆದರೆ ತುಂಡುಗಳನ್ನು ಮೊದಲೇ ಅಳತೆಗೆ ಕತ್ತರಿಸಿ ಕೊಟ್ಟಿರುವುದರಿಂದ ತೊಳೆದು ಹೊಲಿಯುವಂತಿಲ್ಲ. ಕ್ಯಾನ್ವಾಸು ಒಂದಿಷ್ಟು, ಲೈನಿಂಗು ಇನ್ನೊಂದಿಷ್ಟು ಕುಗ್ಗಿದರೆ ಅಂಚು ಕೂಡುವುದೇ ಇಲ್ಲ. ನೀರಲ್ಲಿ ಅದ್ದಿ ಒಣಗಿಸಿದ ಬಟ್ಟೆಯನ್ನೇ ಕತ್ತರಿಸಿ ಕೊಟ್ಟಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ.

ನನ್ನ ದೊಡ್ಡ ತಕರಾರು ನಕ್ಷೆಯ ಮೇಲೆ. ಜೇಬಿನ ಅಗಲ 16 ಸೆಂ.ಮೀ., ಅದರಲ್ಲಿ ತಲಾ 2 ಸೆಂ.ಮೀ.ನ ಎಂಟು ಖಾನೆ. ನೋಡಲು ಧಾರಾಳ ಅನ್ನಿಸುತ್ತದೆ. ಆದರೆ ಖಾನೆ ಅಂದರೆ ಚಪ್ಪಟೆಯಾಗಿ ಬಿದ್ದಿರುವ ಎರಡು ಪದರ. ಪೆನ್ನು ಒಳಗೆ ಹೋದಾಗ ಎರಡೂ ಸೇರಿ ಅದರ ಸುತ್ತಳತೆಯನ್ನು ಬಳಸಬೇಕು. 13 ಮಿ.ಮೀ. ದಪ್ಪದ ಪೆನ್ನಿನ ಸುತ್ತಳತೆ ಸುಮಾರು 41 ಮಿ.ಮೀ., ಅರ್ಧ ಅಂದರೆ 20.5. ಅಲ್ಲಿಗೆ 2 ಸೆಂ.ಮೀ. ಖಾನೆಗೆ ಆ ಪೆನ್ನು ಇಳಿಯುವುದೇ ಇಲ್ಲ, ಕ್ಲಿಪ್ಪಿನ ಮಾತು ಆಮೇಲೆ. ಬಾಲ್ ಪೆನ್ನು, ಪೆನ್ಸಿಲ್ ಇಡುವವರಿಗೆ ನಕ್ಷೆ ಸರಿಯೇ. ನಾನು ಕತ್ತರಿ ಮುಟ್ಟದೆ ಗೆರೆಗಳನ್ನಷ್ಟೇ ಬದಲಿಸಿ, ದಪ್ಪ ಪೆನ್ನುಗಳಿಗೆ 28 ಮಿ.ಮೀ.ನ ನಾಲ್ಕು, ಉಳಿದವಕ್ಕೆ 24ರ ಎರಡು ಖಾನೆ ಮಾಡಿಕೊಂಡೆ. ಎಂಟರ ಜಾಗದಲ್ಲಿ ಆರಾದವು, ಆದರೆ ಪೆನ್ನು ಒಂದೇ ಕೈಯಲ್ಲಿ ಎಳೆದರೆ ಬರುತ್ತದೆ.

ಗುರುತು ಹಾಕಲು ಇಸ್ತ್ರಿಯ ಬಿಸಿಗೆ ಮಾಯವಾಗುವ ಪೆನ್ನು ಬಳಸಿ ಅಂತ ಸೂಚನಾಪತ್ರ ಹೇಳುತ್ತದೆ. ಕಡುನೀಲಿಯ ಮೇಲೆ ಆ ಗೆರೆ ಕಾಣಬೇಕಲ್ಲ! ಟೈಲರ್ ಚಾಕೇ ಸಾಕು.

ಜೇಬಿನ ಎತ್ತರ 10 ಸೆಂ.ಮೀ., ಅದು ಸರಿಯಾಗಿದೆ. 14 ಸೆಂ.ಮೀ. ಪೆನ್ನಿನ ತಲೆ ಹೊರಗೆ ಇಣುಕಿ ಹಿಡಿಯಲು ಸಿಗುತ್ತದೆ. ಮೇಲಿನಿಂದ ಮಡಚಿಕೊಳ್ಳುವ ಪಟ್ಟಿಯನ್ನೂ ಕೊಟ್ಟಿದ್ದಾರೆ. ಅನೇಕ ಸಿದ್ಧ ಚೀಲಗಳಲ್ಲಿ ಇದೇ ಇರುವುದಿಲ್ಲ, ಚೀಲ ತಲೆಕೆಳಗಾದರೆ ಪೆನ್ನು ನೆಲದ ಪಾಲು.

ಮಿಷನ್ನಿನಲ್ಲಿ ಹೊಲಿಯುವವರಿಗೆ ಯಾವ ಸೂಜಿ ಅಂತ ಸೂಚನಾಪತ್ರದಲ್ಲಿ ಒಂದಕ್ಷರವಿಲ್ಲ. ಜೇಬಿನ ಕೆಳಅಂಚಿನಲ್ಲಿ ಕ್ಯಾನ್ವಾಸು, ಲೈನಿಂಗು, ಮಡಚಿದ ಜೇಬು ಎಲ್ಲ ಒಟ್ಟಿಗೆ ಸಿಗುತ್ತವೆ. ತೆಳು ಸೂಜಿ ಅಲ್ಲಿ ಬಾಗುತ್ತದೆ, ಇಲ್ಲವೇ ಹೊಲಿಗೆ ಬಿಡುತ್ತದೆ. 16ನೇ ನಂಬರಿನ ಸೂಜಿ ಹಾಕಿ, ಹೊಲಿಗೆಯ ಉದ್ದ 3 ಮಿ.ಮೀ. ಇಟ್ಟು, ದಪ್ಪ ಸಿಕ್ಕಲ್ಲಿ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಖಾನೆಯ ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಹೊಲಿದು, ಜೇಬಿನ ಬಾಯಿಯ ಬಳಿ ಹಿಂದೆಮುಂದೆ ಎರಡು ಸಲ ಓಡಿಸಿ. ಪೆನ್ನು ಎಳೆದಾಗಲೆಲ್ಲ ಜಗ್ಗುವುದು ಆ ತುದಿಯೇ. ಹೊರಬಟ್ಟೆ ಸೇರಿಸುವ ಮೊದಲೇ ಖಾನೆ ಹೊಲಿಯಿರಿ ಎಂದಿರುವುದು ಜಾಣ ಸಲಹೆ, ಹೊರಗೆ ಒಂದು ಗೆರೆಯೂ ಕಾಣುವುದಿಲ್ಲ.

ಕೊನೆಗೆ ಲಾಡಿ. ಕೊಟ್ಟಿರುವುದು ಮಿರುಗುವ ಸ್ಯಾಟಿನ್ ರಿಬ್ಬನ್ನು. ಫೋಟೋದಲ್ಲಿ ಚೆಂದ, ಗಂಟು ಮಾತ್ರ ಚೀಲದಲ್ಲಿಟ್ಟ ಸ್ವಲ್ಪ ಹೊತ್ತಿಗೇ ಜಾರಿ ಬಿಚ್ಚಿಕೊಳ್ಳುತ್ತದೆ. ಅದನ್ನು ಉಡುಗೊರೆ ಕಟ್ಟಲು ಎತ್ತಿಟ್ಟು, ಒಂದು ಸೆಂ.ಮೀ. ಅಗಲದ ಹತ್ತಿಯ ಪಟ್ಟಿಯನ್ನು ನಡುವೆ ಮಡಚಿ ಪಕ್ಕದ ಹೊಲಿಗೆಯೊಳಗೆ ಸಿಕ್ಕಿಸಿ ಹೊಲಿಯಿರಿ. ಉದ್ದ ಮಾತ್ರ, ಪೆನ್ನು ತುಂಬಿದ ಸುರುಳಿಗೆ ಎರಡು ಸುತ್ತು ಬರುವಷ್ಟಿರಲಿ.