ಮೂಗಿನ ಮೂಲಕ ಪಿಟ್ಯುಟರಿ ಶಸ್ತ್ರಚಿಕಿತ್ಸೆ: ಒಂದೇ ಡೋಸು ಆಂಟಿಬಯಾಟಿಕ್ ಕೊಟ್ಟು ನಿಲ್ಲಿಸಿದ ಆಸ್ಪತ್ರೆಯ ಸೇವೆ

ಶಿರಸಿ ಸೀಮೆಯ ನಮ್ಮ ಮನೆಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಹೆದ್ದಾರಿ ಹಿಡಿದು, ಅಕ್ಕನನ್ನು ಮಂಗಳೂರಿನ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಎರಡು ವರ್ಷಗಳಿಂದ ಅವಳ ಕೈಗೆ ಹಳೆಯ ಬಳೆ ಏರುತ್ತಿರಲಿಲ್ಲ, ಚಪ್ಪಲಿಯ ಅಳತೆ ಬದಲಾಗಿತ್ತು, ತಲೆನೋವು ಬಿಡುತ್ತಿರಲಿಲ್ಲ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದು, ಬೆಳವಣಿಗೆಯ ಹಾರ್ಮೋನು ಅತಿಯಾಗಿ ಸುರಿಯುತ್ತಿದೆ ಎಂಬುದು ರಕ್ತಪರೀಕ್ಷೆ ಮತ್ತು ಎಂಆರ್‌ಐಯಿಂದ ಖಚಿತವಾಯಿತು. ತಲೆಬುರುಡೆ ತೆರೆಯದೆ, ಮೂಗಿನ ಹೊಳ್ಳೆಯೊಳಗಿಂದ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ತೂರಿಸಿ, ಮೂಗಿನ ಹಿಂದಿನ ಗಾಳಿಗೂಡಾದ ಸ್ಫೀನಾಯ್ಡ್ ಸೈನಸ್ಸಿನ ಹಿಂಗೋಡೆ ಕೊರೆದು ಗಡ್ಡೆ ತೆಗೆದರು. ಮೂಗಿನ ಮೂಲಕ ಪಿಟ್ಯುಟರಿ ತಲುಪುವ ದಾರಿಯನ್ನು 1907ರಲ್ಲಿ ಆಸ್ಟ್ರಿಯಾದ ಹರ್ಮನ್ ಷ್ಲೋಫರ್ ಮೊದಲು ತುಳಿದರು. ಅಂದು ಅವರಿಗೆ ಎಂಡೋಸ್ಕೋಪ್ ಇರಲಿಲ್ಲ. ಶಸ್ತ್ರಚಿಕಿತ್ಸೆಯ ಕೌಶಲವನ್ನು ಅಳೆಯುವ ಅರ್ಹತೆ ನನಗಿಲ್ಲ, ಗಡ್ಡೆ ಹೊರಬಂದಿದೆ ಎಂಬುದಷ್ಟನ್ನೇ ಹೇಳಬಲ್ಲೆ. ಈ ವಿಮರ್ಶೆ ಅಲ್ಲಿಯ ಸೋಂಕು ತಡೆಯುವ ಕ್ರಮವನ್ನು ಕುರಿತದ್ದು. ನಮ್ಮನ್ನು ಅತ್ಯಂತ ಹೆದರಿಸಿದ್ದು ಅದೇ, ಕೊನೆಗೆ ನಮ್ಮ ವಿಶ್ವಾಸ ಗಳಿಸಿದ್ದೂ ಅದೇ.

ಹೆದರಿಕೆಗೆ ಕಾರಣವಿತ್ತು. ಅರಿವಳಿಕೆ ಕೊಡುವ ಹೊತ್ತಿನಲ್ಲಿ ಎರಡು ಗ್ರಾಂ ಸೆಫಜೋಲಿನ್ ಎಂಬ ಆಂಟಿಬಯಾಟಿಕ್ ರಕ್ತನಾಳಕ್ಕೆ ಹೋಯಿತು; ಆಮೇಲೆ ಏನೂ ಇಲ್ಲ. ಮೂಗು ಎಂದರೆ ಶುದ್ಧವಾದ ಜಾಗವಲ್ಲ, ಆರೋಗ್ಯವಂತರಲ್ಲೇ ನಾಲ್ವರಲ್ಲಿ ಒಬ್ಬರ ಹೊಳ್ಳೆಯಲ್ಲಿ ಸ್ಟೆಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ನೆಲೆಸಿರುತ್ತದೆ, ಅಂಥ ದಾರಿಯಲ್ಲಿ ಮಿದುಳಿನ ಪೊರೆಯವರೆಗೆ ಹೋಗಿ ಬಂದ ಮೇಲೆ ಒಂದು ಮಾತ್ರೆಯೂ ಬೇಡವೇ ಎಂದು ಭಾವ ಕೇಳಿದರು. ನಮ್ಮ ಕಡೆ ಹರ್ನಿಯಾ ಮಾಡಿಸಿಕೊಂಡು ಬಂದವರೂ ಚೀಲದ ತುಂಬ ಕ್ಯಾಪ್ಸೂಲ್ ತರುವುದನ್ನು ನೋಡಿದ ಕಣ್ಣಿಗೆ ಇದು ನಿರ್ಲಕ್ಷ್ಯವಾಗಿ ಕಂಡಿತು.

ಆ ಪ್ರಶ್ನೆಗೆ ವೈದ್ಯರು ಕುರ್ಚಿ ಎಳೆದುಕೊಂಡು ಕುಳಿತು ಉತ್ತರಿಸಿದರು. ಔಷಧ ಬೇಕಾಗಿರುವುದು ಗಾಯವಾಗುವ ಕ್ಷಣದಲ್ಲಿ ಅಂಗಾಂಶದೊಳಗೆ, ಆದ್ದರಿಂದ ಕತ್ತರಿ ತಾಗುವ ಮೊದಲಿನ ಅರುವತ್ತು ನಿಮಿಷದೊಳಗೆ ಅದು ಹೋಗಿರಬೇಕು. ಸೆಫಜೋಲಿನ್ ಎರಡು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುವುದರಿಂದ, ಶಸ್ತ್ರಚಿಕಿತ್ಸೆ ನಾಲ್ಕು ಗಂಟೆ ದಾಟಿದರೆ ಇನ್ನೊಂದು ಡೋಸು ಕೊಡುತ್ತಾರೆ. ಅಕ್ಕನದು ಮೂರು ಗಂಟೆಯಲ್ಲಿ ಮುಗಿದಿತ್ತು. ಹಿಂದೆ ಮೂಗಿನೊಳಗೆ ಪಟ್ಟಿ ತುರುಕಿದ್ದಷ್ಟು ದಿನವೂ ಆಂಟಿಬಯಾಟಿಕ್ ಮುಂದುವರಿಸುವ ರೂಢಿಯಿತ್ತು, ಈಗಲೂ ಕೆಲವೆಡೆ ಇದೆ. ಆದರೆ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ತಡೆಗಾಗಿ ಕೊಡುವ ಆಂಟಿಬಯಾಟಿಕ್ಕನ್ನು ಮುಂದುವರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ದಿನಗಟ್ಟಲೆ ಕೊಟ್ಟರೆ ಮೂಗಿನಲ್ಲಿ ಉಳಿಯುವುದು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ, ಕರುಳು ಕೆಟ್ಟು ಭೇದಿ ಹತ್ತುವುದೂ ಉಂಟು. ಮಿದುಳಿನ ಪೊರೆಯ ಸೋಂಕಾದ ಮೆನಿಂಜೈಟಿಸ್ಸಿಗೆ ದೊಡ್ಡ ಬಾಗಿಲು ಮಿದುಳಿನ ನೀರಿನ ಸೋರಿಕೆ, ಆ ಬಾಗಿಲನ್ನು ಮಾತ್ರೆ ಮುಚ್ಚಲಾರದು, ಹೊಲಿಗೆ ಮತ್ತು ತೇಪೆಯೇ ಮುಚ್ಚಬೇಕು ಎಂದರು.

ಭಾವನಿಗೆ ಇದು ತಟ್ಟನೆ ಹತ್ತಿದ್ದು ತೋಟದ ಲೆಕ್ಕದಲ್ಲಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮೊದಲು. ಮಳೆಗಾಲ ಎಳೆದರೆ ಎರಡನೆಯ ಸಲ. ಮಳೆ ಬಿಟ್ಟ ಮೇಲೂ ಗೊನೆಗೆ ಮದ್ದು ಹೊಡೆಯುತ್ತಾ ಕೂರುವ ಅಡಿಕೆ ಬೆಳೆಗಾರ ಇಲ್ಲ.

ಮಾತ್ರೆಯ ಬದಲು ಅಲ್ಲಿ ಕೊಟ್ಟದ್ದು ಕಾವಲು. ಸಿಸ್ಟರುಗಳು ಪಾಳಿಗೊಮ್ಮೆ ಅಕ್ಕನನ್ನು ಕೂರಿಸಿ, ತಲೆ ಬಗ್ಗಿಸಲು ಹೇಳಿ, ಮೂಗಿನಿಂದ ತಿಳಿನೀರು ತೊಟ್ಟಿಕ್ಕುತ್ತದೆಯೇ ಎಂದು ನೋಡುತ್ತಿದ್ದರು. "ಗಂಟಲಿಗೆ ಉಪ್ಪುಪ್ಪು ನೀರು ಇಳಿದ ಹಾಗೆ ಆಗ್ತದಾ ಅಕ್ಕಾ?" ಎಂದು ಪ್ರತಿ ಸಲವೂ ಕೇಳುತ್ತಿದ್ದರು. ಜ್ವರ, ಕುತ್ತಿಗೆಯ ಬಿಗಿತ, ಬೆಳಕು ಕಂಡರೆ ಆಗದಿರುವುದು, ಎಲ್ಲಕ್ಕೂ ಒಂದು ಹಾಳೆಯಿತ್ತು. ಮೂತ್ರವನ್ನು ಅಳೆದು ಬರೆದರು, ಏಕೆಂದರೆ ಈ ಗ್ರಂಥಿ ಮುನಿದರೆ ಲೀಟರುಗಟ್ಟಲೆ ಮೂತ್ರ ಹೋಗುತ್ತದೆ. ರಕ್ತದ ಸೋಡಿಯಂ ವಾರದ ಹೊತ್ತಿಗೆ ಕುಸಿಯಬಹುದೆಂದು ಏಳನೆಯ ದಿನದ ರಕ್ತಪರೀಕ್ಷೆಯನ್ನು ಮೊದಲೇ ಗೊತ್ತುಮಾಡಿದ್ದರು. ಹೀಗೆ ಕಾಯುವುದು ಕ್ಯಾಪ್ಸೂಲ್ ಬರೆದುಕೊಡುವುದಕ್ಕಿಂತ ಎಷ್ಟೋ ಪಾಲು ಕಷ್ಟದ ಕೆಲಸ, ಅದನ್ನು ಅವರು ಬೇಸರವಿಲ್ಲದೆ ಮಾಡಿದರು.

ಕೊರತೆ ಕಂಡದ್ದು ಬಿಡುಗಡೆಯ ದಿನ. ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಮೂಗು ಒತ್ತಿ ಸಿಂಬಳ ತೆಗೆಯಬಾರದು, ಭಾರ ಎತ್ತಬಾರದು ಎಂಬುದೆಲ್ಲ ಇಂಗ್ಲಿಷಿನ ಚೀಟಿಯಲ್ಲಿತ್ತು. ಆಂಟಿಬಯಾಟಿಕ್ ಬೇಕೆಂದೇ ನಿಲ್ಲಿಸಿದ್ದೇವೆ ಎಂಬ ಮಾತು ಯಾವ ಭಾಷೆಯಲ್ಲೂ ಇರಲಿಲ್ಲ. ಅದರ ಫಲವನ್ನು ಮೂರೇ ದಿನದಲ್ಲಿ ಉಂಡೆವು. ಅಕ್ಕನ ಮೂಗು ಕಟ್ಟಿ ರಕ್ತದ ಹೆಕ್ಕಳೆ ಬಂದಾಗ ಆಯಿ ಗಾಬರಿಯಾದಳು, ಪೇಟೆಯ ಒಂದು ಔಷಧಿ ಅಂಗಡಿಯವರು ಚೀಟಿ ಕೇಳದೆ ಐದು ದಿನದ ಸೆಫಿಕ್ಸಿಮ್ ಎಂಬ ಆಂಟಿಬಯಾಟಿಕ್ ಕೊಟ್ಟರು. ಅದು 2014ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಮೊದಲ ಮಾತ್ರೆ ನುಂಗುವ ಮೊದಲು ನಾನು ವಾರ್ಡಿಗೆ ಫೋನು ಮಾಡಿದೆ. ರಾತ್ರಿ ಎಂಟೂವರೆಯಾಗಿದ್ದರೂ ಕರ್ತವ್ಯದಲ್ಲಿದ್ದ ವೈದ್ಯರೇ ಮಾತಾಡಿ, ಜ್ವರವಿಲ್ಲ, ನೀರು ಸೋರುತ್ತಿಲ್ಲ ಎಂದು ಖಚಿತಪಡಿಸಿಕೊಂಡು, ಉಪ್ಪುನೀರಿನಿಂದ ಮೂಗು ತೊಳೆಯುವುದಷ್ಟೇ ಸಾಕು ಎಂದರು. ಹೆಕ್ಕಳೆ ಆರನೆಯ ದಿನ ತಾನಾಗಿ ಬಿಟ್ಟಿತು.

ಈ ಚಿಕಿತ್ಸೆಗೆ ಹೋಗುವ ನಮ್ಮ ಜಿಲ್ಲೆಯವರು ಯಾವ ಆಸ್ಪತ್ರೆಯನ್ನೇ ಆರಿಸಿಕೊಳ್ಳಲಿ, ಮೂರು ಮಾತು ಕೇಳಿ: ಮೊದಲ ಡೋಸು ಯಾವಾಗ, ಯಾವಾಗ ನಿಲ್ಲಿಸುತ್ತೀರಿ, ಸೋರಿಕೆ ಕಂಡರೆ ಅಪರಾತ್ರಿಯಲ್ಲಿ ಯಾರಿಗೆ ಫೋನು ಮಾಡಬೇಕು. ಪೆನ್ಸಿಲಿನ್ ಅಲರ್ಜಿ ಇದ್ದರೆ ನೀವೇ ಮೊದಲು ಹೇಳಿ, ಏಕೆಂದರೆ ಆಗ ಔಷಧವೇ ಬದಲಾಗಬಹುದು. ಮೂರು ತಿಂಗಳ ಎಂಆರ್‌ಐಗೆ ಹೋದಾಗ ನಾನು ಆ ಇಂಗ್ಲಿಷ್ ಚೀಟಿಯನ್ನು ಕನ್ನಡದಲ್ಲಿ ಬರೆದು, ನಿಲ್ಲಿಸಿದ ಆಂಟಿಬಯಾಟಿಕ್ಕಿನ ವಿಷಯವನ್ನು ಎಲ್ಲಕ್ಕಿಂತ ಮೇಲೆ ಸೇರಿಸಿ, ವಾರ್ಡಿನ ಹಿರಿಯ ಸಿಸ್ಟರಿಗೆ ಕೊಟ್ಟು ಬಂದಿದ್ದೇನೆ.